ಇನ್ನೂ ಒಸಿ ನಿಧಾನ

ರೇಷನ್ ಕಾರ್ಡಿನ ಪ್ಲಾಸ್ಟಿಕ್ಕು ಕವರಿನಿಂದ
ಚಿಕ್ಕತಾಯಮ್ಮ ತೆಗೆದು ಮೇಜಿನ ಮೇಲಿಟ್ಟದ್ದು
ಒಂದು ಫ್ಲಾಪಿ. ಕರೀದು. ಮೂಲೆಯಲ್ಲಿ ಕುಂಕುಮ,
ಯಾವ ಕಾಲದ ಆಯುಧಪೂಜೆಯದೋ, ಒರೆಸಿಲ್ಲ.
"ದೋಣಿ ಆಟ ಅದೆ ಇದ್ರಲ್ಲಿ. ಓಡುಸ್ಕೊಡಪ್ಪ."

ನನ್ನದು ಗುತ್ತಲು ರಸ್ತೆಯಲ್ಲಿ ಎಂಟಡಿ ಅಂಗಡಿ:
ಜೆರಾಕ್ಸ್, ರೀಚಾರ್ಜ್, ಪಹಣಿ,
ಸತ್ತ ಲ್ಯಾಪ್‌ಟಾಪುಗಳ ಪಂಚನಾಮೆ.
ಫ್ಲಾಪಿ ತಿನ್ನುವ ಬಾಯಿ ಈಗ ಯಾವ ಯಂತ್ರಕ್ಕೂ ಇಲ್ಲ.
ಮಂಡಿ ಮೊಹಲ್ಲಾದ ಗುಜರಿಯಲ್ಲಿ ಕಡೆಗೆ
ಸೈಕಲ್ ಚೈನುಗಳ ರಾಶಿಯಡಿ
ಯುಎಸ್‌ಬಿ ಬಾಲವಿದ್ದ ಅಂಥದೊಂದು ಬಾಯಿ ಸಿಕ್ಕಿತು,
ನೂರಾ ಎಂಬತ್ತಕ್ಕೆ.

ಕರ್ರ್ ಕರ್ರ್ ಎಂದು ಓದಿತು. ಕಡತಗಳು ಹನ್ನೊಂದು.
ಕೊನೆಯದು ಅವರ ಹೆಸರಿನದೇ.
ಹೆಸರಿಗೆ ಎಂಟೇ ಅಕ್ಷರ ಕೊಡುತ್ತಿದ್ದ ಕಾಲ;
ಇಂಗ್ಲಿಷಿನಲ್ಲಿ ಒಂದೊಂದೇ ಎಣಿಸಿ ಒತ್ತಿ
'ಚಿಕ್ಕತಾ'ಕ್ಕೇ ನಿಂತುಬಿಟ್ಟಿದ್ದಾರೆ.
ಯಮ್ಮ ಬಾಗಿಲಾಚೆ.

ತೆರೆಯಲು ಹೋದೆ. ಹೊಸ ಯಂತ್ರ ನೀಲಿ ಚೌಕದಲ್ಲಿ ನಯವಾಗಿ ಹೇಳಿತು:
ಇದು ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ.
ಹಳೆಯದರ ಹಾಗೆ ನಟಿಸು ಅಂದೆ;
ಅದು ಕೊಟ್ಟ ಪಟ್ಟಿಯ ಅತಿ ಹಿರಿಯನೂ
ದೋಣಿಗಿಂತ ವಯಸ್ಸಿನಲ್ಲಿ ಚಿಕ್ಕವನು.
ಸರಿ, ಯಂತ್ರದೊಳಗೊಂದು ಸುಳ್ಳು ಯಂತ್ರ ಕಟ್ಟಿದೆ.
ಸುಳ್ಳು ಮೆಮೊರಿ, ಸುಳ್ಳು ಡ್ರೈವು, ಸುಳ್ಳು ಹದಿನಾರು ಬಣ್ಣ,
ಕಣ್ಣು ಮಂಜಾದ ಅಜ್ಜನಿಗೆ
ಇನ್ನೂ ಹಳೇ ಮನೇಲೇ ಇದ್ದೀವಿ ತಾತ ಅನ್ನುವ ಹಾಗೆ.

ಓಡಿತು.
ಓಡಿದ್ದಲ್ಲ, ಹಾರಿತು. ಈ ದಡ ಆ ದಡ ಈ ದಡ,
ಅಂಬಿಗ ಹುಟ್ಟು ಎತ್ತುವ ಮೊದಲೇ
ಮೂರೂ ಜೀವ ಮೊಸಳೆ ಪಾಲು.
ಆ ಕಾಲದ ಆಟಕ್ಕೆ ತನ್ನದೇ ಗಡಿಯಾರ ಇರಲಿಲ್ಲ;
ಯಂತ್ರದ ಎದೆ ಎಷ್ಟು ಸಲ ಬಡಿದರೆ ಅಷ್ಟೇ ಅದರ ಹೊತ್ತು.

ಬಡಿತ ಇಳಿಸಿದೆ. ಇಪ್ಪತ್ತು ಸಾವಿರದಿಂದ ಎಂಟಕ್ಕೆ. ಎಂಟರಿಂದ ನಾಲ್ಕಕ್ಕೆ.
"ಇನ್ನೂ ಒಸಿ ನಿಧಾನ."
ಎಷ್ಟು ನಿಧಾನ ಅಮ್ಮಾ? ಅಳತೆ ಬೇಕಲ್ಲ.

ಅವರು ಕಣ್ಣು ಮುಚ್ಚಿದರು.
ಸಕ್ಕರೆ ಕಾರ್ಖಾನೆ, ತೂಕದ ಮನೆ, ರಾತ್ರಿ ಪಾಳಿ.
ಕಾಕಂಬಿಯ ವಾಸನೆ ನನಗೂ ಬಂತು; ಗಾಳಿ ಆ ಕಡೆಯದಿರಬೇಕು.
"ಕಬ್ಬಿನ ಗಾಡಿ ತೂಕದ ಹಲಗೆ ಮ್ಯಾಲೆ ಹತ್ತಿ, ಎತ್ತು ನಿಂತು,
ಅಂಕಿ ನಿಂತು, ಚೀಟಿ ಹರಿದು ಕೊಟ್ಟು, ಗಾಡಿ ಇಳಿಯೋ ಹೊತ್ಗೆ
ಮೂರು ದಪ ದಾಟ್ತಿತ್ತು ಕಣಪ್ಪ ಹೊಳೆಯ.
ಎತ್ತು ಹಟ ಮಾಡುದ್ರೆ ನಾಕು."

ಹಟ ಮಾಡದ ಎತ್ತು ಅಂತಲೇ ಇಟ್ಟುಕೊಂಡೆವು.
ಅವರು ಬಾಯಲ್ಲೇ ಗಾಡಿ ಹೊಡೆದರು, ಹೊಯ್ ಹೊಯ್ ಎಂದು,
ಗಾಳಿಯಲ್ಲಿ ಚೀಟಿ ಹರಿದರು.
ನಾನು ಅಂಕಿ ಇಳಿಸುತ್ತ ಹೋದೆ.
ಎರಡು ಸಾವಿರದ ನೂರಾ ಐವತ್ತರಲ್ಲಿ
ದೋಣಿ ದಡಕ್ಕೆ, ಗಾಡಿ ಹಲಗೆಯಿಂದಾಚೆಗೆ, ಒಟ್ಟಿಗೇ.
ನಲವತ್ತೆರಡು ಸಾವಿರ ಕೊಟ್ಟು ತಂದ ನನ್ನ ಯಂತ್ರ
ಒಂದು ಜೊತೆ ಎತ್ತಿನ ನಡಿಗೆ ಕಲಿತಿತ್ತು.

ಸದ್ದಿಗೆಂದೇ ಎರಡು ಸಂಜೆ ಒದ್ದಾಡಿದ್ದೆ.
ಹೆಮ್ಮೆಯಿಂದ ಹಾಕಿದೆ: ಪೀಪ್ ಪಿಪೀಪ್ ಪೀಪ್.
"ಅಯ್ಯೋ ಅದ ತಗಿ ಮದ್ಲು!
ಹತ್ತಿ ತುರುಕಿದ್ವಿ ನಾವು ಅದರ ಬಾಯಿಗೆ."

ಸದ್ದಿಲ್ಲದೆ ಆಡಿದರು. ಎರಡನೇ ಹೊಳೆಯಲ್ಲಿ ಮೊಸಳೆ ಹಿಡಿಯಿತು.
ಮೊಸಳೆಗೆ ಹೆಸರಿಟ್ಟು ಬೈದರು. ಮತ್ತೆ ಕೂತರು.

ಆಗ ಪಹಣಿಗೆಂದು ಯಾರೋ ಮೆಟ್ಟಿಲು ಹತ್ತಿದ ಸದ್ದು.
ಚಿಕ್ಕತಾಯಮ್ಮನ ಎಡಗೈ ಕಿರುಬೆರಳು
ತಾನಾಗಿ ಒಂದು ಗುಂಡಿ ಒತ್ತಿತು,
ಹನ್ನೊಂದೂ ಕಡತ ತಡಕಿದ ನನಗೂ ಗೊತ್ತಿರದ ಗುಂಡಿ.
ಹೊಳೆ ಮಾಯ. ಪರದೆ ತುಂಬ
ಸಾಲು ಸಾಲು ಅಂಕಿ, ಅಡ್ಡಗೆರೆ, ಕೂಡಿದ ಮೊತ್ತ,
ಯಾವುದೋ ದೇಶದ ಯಾವನೋ ಬರೆದಿಟ್ಟ ಕಳ್ಳಲೆಕ್ಕ.
ನಿವೃತ್ತಿಯಾಗಿ ಹತ್ತು ವರ್ಷವಾದ ಬೆನ್ನು ನೆಟ್ಟಗಾಯಿತು.
ಬಾಗಿಲಲ್ಲಿ ನಿಂತವನತ್ತ ತಿರುಗಿ,
"ಗಾಡಿ ನಂಬ್ರು ಯೋಳಿ," ಅಂದರು.